ಆಮೆಗೆ ಎಷ್ಟು ನೀರು ಬೇಕು: ಒಂದು ತೊಟ್ಟಿ, 52 ದಿನ

ಹೊನ್ನಾವರ ತಾಲ್ಲೂಕಿನ ಒಂದು ಕಡಲೂರಿನಲ್ಲಿ ನಾವು ಆರು ಜನ ವಿದ್ಯಾರ್ಥಿಗಳು ಸೇರಿ, ಗಾಯಗೊಂಡ ಕಡಲಾಮೆಯೊಂದಕ್ಕೆ ತೊಟ್ಟಿ ಕಟ್ಟಿದೆವು. 52 ದಿನ ನೋಡಿಕೊಂಡು ಮತ್ತೆ ಕಡಲಿಗೆ ಬಿಟ್ಟೆವು. ಮಧ್ಯದಲ್ಲಿ ಇನ್ನೊಂದು ಆಮೆ ಬಂತು. ಅದು ಉಳಿಯಲಿಲ್ಲ. ಅದರಲ್ಲಿ ನನ್ನ ತಪ್ಪೂ ಇದೆ, ಮುಂದೆ ಬರೆದಿದ್ದೇನೆ. ನಾಲ್ವರು ಬಿ.ಎಸ್ಸಿ. ಪ್ರಾಣಿಶಾಸ್ತ್ರ ಓದುವವರು, ಇಬ್ಬರು ಐಟಿಐ ಹುಡುಗರು. ಮೊದಲ ದಿನ ನಮ್ಮಲ್ಲಿ ಯಾರಿಗೂ ಈ ಕೆಲಸ ಗೊತ್ತಿರಲಿಲ್ಲ. ಕರಾವಳಿಯ ಬೇರೆ ಊರುಗಳ ಹುಡುಗರಿಗೆ ಉಪಯೋಗವಾಗಲಿ ಎಂದು ನೋಟ್‌ಬುಕ್ಕಿನಲ್ಲಿ ಇದ್ದದ್ದನ್ನೆಲ್ಲ ದಿನದ ಪ್ರಕಾರ ಇಳಿಸುತ್ತಿದ್ದೇನೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಕಡಲಾಮೆಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಶೆಡ್ಯೂಲ್ 1ರಲ್ಲಿವೆ. ಹುಲಿ, ಆನೆ ಇರುವ ಪಟ್ಟಿ ಅದು. ಒಳ್ಳೆಯ ಮನಸ್ಸಿನಿಂದಲೇ ಆದರೂ ಮನೆಗೆ ತಂದು ಇಟ್ಟುಕೊಳ್ಳುವ ಹಾಗಿಲ್ಲ. ನಾವು ಆಮೆಯನ್ನು ಮುಟ್ಟುವ ಮೊದಲೇ ಅರಣ್ಯ ಇಲಾಖೆಗೆ ಫೋನ್ ಮಾಡಿದೆವು. ಗಾರ್ಡ್ ಬಂದರು, ಆರ್‌ಎಫ್‌ಒ (ವಲಯ ಅರಣ್ಯಾಧಿಕಾರಿ) ಸಾಹೇಬರು ಬರವಣಿಗೆಯಲ್ಲಿ ಒಪ್ಪಿಗೆ ಕೊಟ್ಟರು, ಪಶು ಡಾಕ್ಟರು ಬಂದರು. ಔಷಧ, ಇಂಜೆಕ್ಷನ್ ಎಲ್ಲ ಅವರದೇ ಕೆಲಸ. ನಮ್ಮದು ತೊಟ್ಟಿ, ನೀರು, ಊಟ, ಕಾವಲು.

ದಿನ 1, ಆಗಸ್ಟ್ 11

ಬೆಳಿಗ್ಗೆ ಆರೂವರೆಗೆ ಮೀನುಗಾರ ಅಣ್ಣ ಒಬ್ಬರು ಫೋನ್ ಮಾಡಿದರು. "ತಮಾ, ಆಮೆ ಬಿದ್ದದೆ. ಬಲೆ ಸುತ್ಕಂಡದೆ. ಜೀವ ಅದೆ, ಬೇಗ ಬನ್ನಿ."

ಮಳೆಗಾಲದಲ್ಲಿ ಯಾಂತ್ರಿಕ ದೋಣಿಗಳಿಗೆ ಇರುವ ಟ್ರಾಲಿಂಗ್ ನಿಷೇಧ ಜುಲೈ 31ಕ್ಕೆ ಮುಗಿದಿತ್ತು, ಆದರೆ ಕಡಲು ಇನ್ನೂ ಶಾಂತವಾಗಿರಲಿಲ್ಲ. ಮಳೆಗಾಲದ ಅಲೆಗೆ ಹರಿದ ಬಲೆಗಳ ಮುದ್ದೆ ದಡಕ್ಕೆ ಬಂದು ಬೀಳುವ ಕಾಲ ಅದು. ಅಂಥದೊಂದು ಹಸಿರು ನೈಲಾನ್ ಮುದ್ದೆಯೊಳಗೆ ಆಮೆ ಇತ್ತು. ಆಲಿವ್ ರಿಡ್ಲೆ ಜಾತಿಯ ಕಡಲಾಮೆ. ಚಿಪ್ಪಿನ ಬಾಗು ಹಿಡಿದು ಟೇಪಿನಲ್ಲಿ ಅಳೆದಾಗ 66 ಸೆಂ.ಮೀ. ಬಾಲ ಚಿಕ್ಕದು, ಹಾಗಾಗಿ ಹೆಣ್ಣು ಎಂದರು ಡಾಕ್ಟರು. ಗಂಡಿನ ಬಾಲ ಚಿಪ್ಪಿನಿಂದ ಹೊರಗೆ ಉದ್ದಕ್ಕೆ ಚಾಚಿಕೊಂಡಿರುತ್ತದೆ. ತೂಕ 31.4 ಕೆಜಿ. ಈ ಅಳತೆಯ ಆಮೆಗೆ ಇದು ಕಡಿಮೆ. ಕುತ್ತಿಗೆಯ ಬುಡ ಒಳಗೆ ಕುಸಿದಿತ್ತು.

ಎಡ ಮುಂಗಾಲಿನ ಬುಡಕ್ಕೆ ನೂಲು ಮೂರು ಸುತ್ತು ಬಿಗಿದಿತ್ತು. ಗಾಯ 9 ಸೆಂ.ಮೀ. ಉದ್ದ, ಹೆಚ್ಚು ಕಡಿಮೆ 1 ಸೆಂ.ಮೀ. ಆಳ. ನಾನು ಅವಸರದಲ್ಲಿ ನೂಲು ಹಿಡಿದು ಎಳೆಯಲು ಹೋದೆ. ಆ ಅಣ್ಣ ನನ್ನ ಕೈ ಹಿಡಿದು ನಿಲ್ಲಿಸಿದರು. ಮಾಂಸದೊಳಗೆ ಹೂತ ನೂಲನ್ನು ಎಳೆದರೆ ಅದು ಗರಗಸದ ಹಾಗೆ ಇನ್ನಷ್ಟು ಕೊಯ್ಯುತ್ತದೆ. ಹೊರಗಿನ ಬಲೆಯನ್ನು ಮಾತ್ರ ಮೊಂಡು ತುದಿಯ ಕತ್ತರಿಯಿಂದ ಕತ್ತರಿಸಿ, ಒಳಗಿನದನ್ನು ಡಾಕ್ಟರಿಗೆ ಬಿಟ್ಟೆವು.

ಸುತ್ತ ಜನ ಸೇರಿದ್ದರು. "ನೀರಿಗೆ ಬಿಡಿ, ನೀರಿಗೆ ಬಿಡಿ" ಎನ್ನುವವರೇ ಜಾಸ್ತಿ. ಒಬ್ಬರು ಆಗಲೇ ಎರಡು ಸಲ ಅಲೆಗೆ ತಳ್ಳಿದ್ದರು, ಎರಡು ಸಲವೂ ಅಲೆ ತಂದು ಎಸೆದಿತ್ತು. ಪ್ರೀತಿಯಿಂದಲೇ ಮಾಡಿದ್ದು. ಅಲ್ಲಿನ ಖಾರ್ವಿ ಮೀನುಗಾರ ಹೆಂಗಸರು 'ಕಾಸವ' (ಕೊಂಕಣಿಯಲ್ಲಿ ಆಮೆ) ಎಂದು ಕೈಮುಗಿದು, ಅರಿಶಿನ ತರಲೇ ಎಂದು ಕೇಳಿದರು. ಆದರೆ ಈಜುವ ಶಕ್ತಿ ಇದ್ದಿದ್ದರೆ ಅದು ದಡಕ್ಕೆ ಬರುತ್ತಲೇ ಇರಲಿಲ್ಲ.

ಎತ್ತಿದ್ದು ಹೀಗೆ: ಒಬ್ಬರು ಕುತ್ತಿಗೆಯ ಹಿಂದಿನ ಚಿಪ್ಪಿನ ಅಂಚು, ಇನ್ನೊಬ್ಬರು ಬಾಲದ ಮೇಲಿನ ಅಂಚು. ಕಾಲು ಹಿಡಿದು ಎತ್ತಬಾರದು, ಕೀಲು ತಪ್ಪುತ್ತದೆ. ಕಡಲಾಮೆ ತಲೆ, ಕಾಲುಗಳನ್ನು ಚಿಪ್ಪಿನೊಳಗೆ ಎಳೆದುಕೊಳ್ಳಲಾರದು. ಹಾಗಾಗಿ ಮುಖದ ಹತ್ತಿರ ಬೆರಳು ಹೋಗದ ಹಾಗೆ ನೋಡಿಕೊಳ್ಳಬೇಕು, ಕಚ್ಚಿದರೆ ಬೆರಳು ಹೋಗುತ್ತದೆ.

ಆ ರಾತ್ರಿ ಬಲೆ ಇಡುವ ಶೆಡ್ಡಿನಲ್ಲಿ, ಹಳೆಯ ಲಾರಿ ಟ್ಯೂಬಿಗೆ ಅರ್ಧ ಗಾಳಿ ತುಂಬಿ, ಮೇಲೆ ಫೋಮ್ ಹಾಕಿ ಮಲಗಿಸಿದೆವು. ಕಣ್ಣು, ಮೂಗು ಬಿಟ್ಟು ಉಳಿದ ಕಡೆ ಒದ್ದೆ ಬಟ್ಟೆ.

ದಿನ 2, ಆಗಸ್ಟ್ 12: ದೊಡ್ಡ ತಪ್ಪು

ಹಳದೀಪುರದ ಕಡೆ ಒಬ್ಬರು ಬಯೋಫ್ಲಾಕ್ ಮೀನು ಸಾಕಣೆ ನಿಲ್ಲಿಸಿದ್ದರು. ಅವರ ಟಾರ್ಪಾಲಿನ್ ತೊಟ್ಟಿ 3,500 ರೂಪಾಯಿಗೆ ಸಿಕ್ಕಿತು. 3 ಮೀಟರ್ ಅಡ್ಡಳತೆ, 1.2 ಮೀಟರ್ ಎತ್ತರ, ಹೊರಗೆ ಕಬ್ಬಿಣದ ಜಾಲರಿ. ತಳದಲ್ಲಿ ಎರಡು ತೂತು. ಅದೇ ಹಾಳೆಯ ತುಂಡು, ಅಂಟು ಸೇರಿ ತೇಪೆಗೆ 180 ರೂಪಾಯಿ. ನೆಲಕ್ಕೆ ಮರಳು ಹರವಿ, ಸೌದೆ ಹೊರುವ ಹಲಗೆಯಿಂದ ಮಟ್ಟ ಮಾಡಿ, ಮೇಲೆ ಹಳೆಯ ಬ್ಯಾನರು ಹಾಸಿ ತೊಟ್ಟಿ ನಿಲ್ಲಿಸಿದೆವು. ನಾಲ್ಕು ಗಂಟೆ ಹಿಡಿಯಿತು.

ಪಿಕಪ್ಪಿನಲ್ಲಿ ಸಾವಿರ ಲೀಟರ್ ಸಿಂಟೆಕ್ಸ್ ಇಟ್ಟು ನಾಲ್ಕು ಟ್ರಿಪ್ ಕಡಲ ನೀರು ತಂದೆವು. ಟ್ರಿಪ್ಪಿಗೆ 450. 55 ಸೆಂ.ಮೀ. ತುಂಬಿತು, ಅಂದರೆ ಸುಮಾರು 3,900 ಲೀಟರ್. ನಮಗೆ ತುಂಬ ಖುಷಿ. ಸಂಜೆ ಐದಕ್ಕೆ ಆಮೆಯನ್ನು ಇಳಿಸಿದೆವು.

ಅದು ಎಡಕ್ಕೆ ವಾಲಿ ತೇಲಿತು. ಹಿಂಭಾಗ ಮೇಲೆ, ತಲೆ ಕೆಳಗೆ. ಒಂದು ನಿಮಿಷ ಆಯಿತು, ಎರಡು ಆಯಿತು. ಉಸಿರಿಗೆ ತಲೆ ಎತ್ತಲು ನೋಡಿತು, ಆಗಲಿಲ್ಲ. ನಾವು "ಈಜುತ್ತಿದೆ" ಎಂದು ವಿಡಿಯೊ ಮಾಡುತ್ತಿದ್ದೆವು. ಅಷ್ಟರಲ್ಲಿ ಡಾಕ್ಟರು ಬಂದವರು ಚಪ್ಪಲಿ ಸಮೇತ ತೊಟ್ಟಿಗೆ ಇಳಿದರು. ತಲೆಯನ್ನು ಎತ್ತಿ ಹಿಡಿದುಕೊಂಡೇ ಹೇಳಿದರು: "ಇದಕ್ಕೆ ಕುತ್ತಿಗೆ ಎತ್ತಲೂ ಶಕ್ತಿ ಇಲ್ಲ. ಆಮೆಗೆ ಶ್ವಾಸಕೋಶ ಇರುವುದು, ಕಿವಿರು ಅಲ್ಲ. ಮೊದಲು ನೀರು ಇಳಿಸಿ."

ಇಳಿಸಲು ದಾರಿ ಇರಲಿಲ್ಲ! ತಳದ ಪೈಪಿಗೆ ವಾಲ್ವನ್ನೇ ಹಾಕಿರಲಿಲ್ಲ, ಮುಚ್ಚಳ ಬಡಿದು ಕೂರಿಸಿದ್ದೆವು. ಆಮೆಯನ್ನೇ ಮೇಲಕ್ಕೆ ಎತ್ತಿ ಮತ್ತೆ ಟ್ಯೂಬಿನ ಮೇಲೆ ಮಲಗಿಸಿದೆವು. ರಾತ್ರಿ ಹತ್ತರವರೆಗೆ ಬಕೆಟ್ಟಿನಲ್ಲಿ ನೀರು ತೋಡಿದೆವು.

ಅಲ್ಲಿಂದ ಕಲಿತದ್ದು: ಸೋತ ಆಮೆಗೆ ಮೊದಲು ಒಣ ಜಾಗ. ಆಮೇಲೆ ಚಿಪ್ಪಿನ ಅರ್ಧಕ್ಕೆ ಬರುವಷ್ಟು ನೀರು, ಅದೂ ಪಕ್ಕದಲ್ಲಿ ಜನ ಕೂತಿರುವಾಗ ಮಾತ್ರ. ನೀರು ತುಂಬುವ ದಾರಿಗಿಂತ ನೀರು ಖಾಲಿ ಮಾಡುವ ದಾರಿ ಮೊದಲು ಸಿದ್ಧವಾಗಬೇಕು.

ದಿನ 3 ಮತ್ತು 4: ಸಿಹಿ ನೀರು

ಡಾಕ್ಟರು ಗಾಯದೊಳಗಿನ ನೂಲು ತೆಗೆದರು. ಸಲೈನಿನಿಂದ ತೊಳೆದು, ಪೊವಿಡೋನ್ ಅಯೋಡಿನ್ ಅನ್ನು ತಿಳಿ ಚಹಾದ ಬಣ್ಣಕ್ಕೆ ಬರುವ ಹಾಗೆ ನೀರು ಬೆರೆಸಿ ಹಾಕಿದರು. ಮೇಲೆ ಸಿಲ್ವರ್ ಸಲ್ಫಾಡಯಜೀನ್ ಮುಲಾಮು. ಮೂರು ದಿನಕ್ಕೊಂದು ಸೆಫ್ಟಾಜಿಡಿಮ್ ಇಂಜೆಕ್ಷನ್, ಭುಜದ ಮಾಂಸಕ್ಕೆ. ತೂಕ ನೋಡಿ ಲೆಕ್ಕ ಹಾಕುವ ಔಷಧ ಇದು. ನೀವು ನೀವೇ ಕೊಡಲು ಹೋಗಬೇಡಿ.

ನಮಗೆ ಆಶ್ಚರ್ಯ ಆದದ್ದು ಅವರ ಮುಂದಿನ ಮಾತು: "ನಾಳೆ ಬಾವಿ ನೀರು ಹಾಕಿ, 20 ಸೆಂ.ಮೀ. ಸಾಕು." ಕಡಲಾಮೆಗೆ ಬಾವಿ ನೀರಾ? ಚಿಪ್ಪಿನ ಮೇಲೆ, ದೋಣಿಯ ತಳಕ್ಕೆ ಅಂಟುವ ಅದೇ ಬಿಳಿ ಚಿಪ್ಪುಗಳು ಕೂತಿದ್ದವು. ಪಾಚಿ, ಜಿಗಣೆ ಬೇರೆ. ಉಪ್ಪು ನೀರಿನಲ್ಲಿ ಬದುಕುವ ಇವೆಲ್ಲ ಸಿಹಿ ನೀರಿನಲ್ಲಿ ಒಂದು ದಿನದಲ್ಲಿ ಸಾಯುತ್ತವೆ, ಆಮೆಗೆ ಅಷ್ಟು ಹೊತ್ತು ತೊಂದರೆ ಇಲ್ಲ. ಒಣಗಿದ ದೇಹಕ್ಕೆ ನೀರೂ ಸಿಗುತ್ತದೆ. ದಿನ 4ರ ಸಂಜೆ ಪ್ಲಾಸ್ಟಿಕ್ ಸ್ಕ್ರೇಪರಿನಿಂದ ಮೆಲ್ಲಗೆ ತಳ್ಳಿದಾಗ ಹೆಚ್ಚಿನವು ಉದುರಿದವು. ಗಟ್ಟಿಯಾಗಿ ಹಿಡಿದಿದ್ದ ಐದಾರನ್ನು ಹಾಗೇ ಬಿಟ್ಟೆವು. ಕೀಳಲು ಹೋದರೆ ಚಿಪ್ಪಿನ ಪದರವೂ ಏಳುತ್ತದೆ.

ಹಗಲು ರಾತ್ರಿ ಇಬ್ಬಿಬ್ಬರು ಪಾಳಿ. ತಲೆ ನೀರಿನೊಳಗೆ ಇದ್ದ ಹೊತ್ತನ್ನು ಗಡಿಯಾರ ಇಟ್ಟು ಬರೆದುಕೊಂಡೆವು.

ದಿನ 5 ರಿಂದ 9: ಫಿಲ್ಟರು

200 ಲೀಟರಿನ ಎರಡು ನೀಲಿ ಡ್ರಮ್ಮು, ಒಂದಕ್ಕೆ 700. ಅರ್ಧ ಎಚ್‌ಪಿ ಮೋಟಾರು 2,400. ಒಂದೂವರೆ ಇಂಚಿನ ಪಿವಿಸಿ ಪೈಪು, ಎಲ್ಬೋ, ವಾಲ್ವು ಎಲ್ಲ ಸೇರಿ 1,650.

ಮೊದಲ ಪ್ರಯತ್ನದಲ್ಲಿ ಡ್ರಮ್ಮಿಗೆ ಕಡಲ ದಂಡೆಯ ಮರಳನ್ನೇ ತುಂಬಿದೆವು. ಎದುರಿಗೇ ಇದೆ, ದುಡ್ಡಿಲ್ಲ. ಎರಡು ಗಂಟೆಗೆ ಕಟ್ಟಿಕೊಂಡಿತು. ಆ ಮರಳು ರವೆಗಿಂತ ಸಣ್ಣ, ಒಂದಕ್ಕೊಂದು ಕೂತು ಗೋಡೆ ಆಗುತ್ತದೆ. ಡ್ರಮ್ಮು ತುಂಬಿ ನೀರು ಶೆಡ್ಡಿನ ತುಂಬ ಹರಿಯಿತು.

ಎರಡನೇ ಪ್ರಯತ್ನ ಫಲಿಸಿತು. ಕೆಳಗೆ 40 ಮಿ.ಮೀ. ಜಲ್ಲಿ ಒಂದು ಗೇಣು, ಅದರ ಮೇಲೆ 20 ಮಿ.ಮೀ., ಆಮೇಲೆ ಬೇಬಿ ಜಲ್ಲಿ, ಕೊನೆಗೆ ದಪ್ಪ ಮರಳು ಎಂಟು ಇಂಚು. ಎಲ್ಲವನ್ನೂ ಕೆಂಪು ನೀರು ಹೋಗುವವರೆಗೆ ತೊಳೆದೆವು. ಮನೆ ಕಟ್ಟುತ್ತಿದ್ದವರು ಜಲ್ಲಿ, ಮರಳು ಸುಮ್ನೆ ಕೊಟ್ಟರು. ಇದು ಎರಡನೇ ಡ್ರಮ್ಮು. ಅದಕ್ಕಿಂತ ಮುಂಚಿನ ಡ್ರಮ್ಮಿನಲ್ಲಿ ಮೀನಿನ ಚೂರು, ಹಿಕ್ಕೆ ತಡೆಯಲು ಏನಾದರೂ ಬೇಕಿತ್ತು. ಆಮೆಯನ್ನು ಸುತ್ತಿದ್ದ ಅದೇ ನೈಲಾನ್ ಬಲೆಯನ್ನು, ಗಾರ್ಡ್ ಫೋಟೊ ತೆಗೆದು ಮಹಜರು ಮುಗಿಸಿದ ಮೇಲೆ ಕೇಳಿ ಪಡೆದು, ತೊಳೆದು ಡ್ರಮ್ಮಿಗೆ ತುರುಕಿದೆವು. ಈ ಕೆಲಸಕ್ಕೆ ಅದು ಚೆನ್ನಾಗಿ ಒದಗಿತು. ಎರಡು ದಿನಕ್ಕೊಮ್ಮೆ ಹೊರಗೆ ತೆಗೆದು ಜಾಡಿಸಿದರೆ ಸಾಕು.

ಈ ವಾರದ ಬೇರೆ ತಪ್ಪುಗಳು:

ಹಿತ್ತಾಳೆ ವಾಲ್ವು ತಂದೆವು, 620 ರೂಪಾಯಿ. ಹತ್ತು ದಿನಕ್ಕೆ ಹಸಿರು ಕಿಲುಬು. ಉಪ್ಪು ನೀರಿಗೆ ಪಿವಿಸಿ ಬಾಲ್ ವಾಲ್ವೇ ಸರಿ.

ಮೀನಿನ ತೊಟ್ಟಿ ನೋಡಿದ ಅಭ್ಯಾಸದಲ್ಲಿ ಗಾಳಿ ಬಿಡುವ ಪಂಪು ತಂದೆವು, 850. ಆಮೆ ಮೂಗಿನಿಂದ ಹೊರಗಿನ ಗಾಳಿ ಎಳೆದುಕೊಳ್ಳುತ್ತದೆ, ಅದಕ್ಕೆ ಗುಳ್ಳೆ ಯಾಕೆ? ಎರಡನೇ ದಿನದ ಮಾತು ನಮ್ಮ ತಲೆಗೆ ಇನ್ನೂ ಪೂರ್ತಿ ಇಳಿದಿರಲಿಲ್ಲ. ಇದರಿಂದ ಒಂದು ಸಮಾಧಾನ ಮಾತ್ರ ಸಿಕ್ಕಿತು. ಕರೆಂಟು ಹೋದರೆ ಗಾಬರಿ ಬೇಕಿಲ್ಲ ಎಂದು ಗೊತ್ತಾಯಿತು. ಆ ಮಳೆಯಲ್ಲಿ ದಿನಕ್ಕೆ ನಾಲ್ಕು ಸಲ ಹೋಗುತ್ತಿತ್ತು.

ಒಳಗೆ ಚಾಚಿದ್ದ ಎಲ್ಬೋ ತುದಿಗೆ ಆಮೆ ಮೂಗು ಉಜ್ಜಿಕೊಂಡು ಚರ್ಮ ಕಿತ್ತುಕೊಂಡಿತು. ಪೈಪನ್ನು ಗೋಡೆಯ ಮಟ್ಟಕ್ಕೆ ಕತ್ತರಿಸಿ, ಅಂಚಿಗೆ ಮರಳು ಕಾಗದ ಹೊಡೆದು, ಸೈಕಲ್ ಟ್ಯೂಬ್ ಸುತ್ತಿದೆವು. ತೊಟ್ಟಿಗೆ ಏನೇ ಇಳಿಸುವ ಮೊದಲು ಒಳಗೋಡೆಯ ಮೇಲೆ ಒಂದು ಸುತ್ತು ಕೈ ಆಡಿಸಿ. ನಿಮ್ಮ ಕೈಗೆ ಚುಚ್ಚಿದ್ದು ಅದರ ಮುಖಕ್ಕೂ ಚುಚ್ಚುತ್ತದೆ.

ದಿನ 6, ಆಗಸ್ಟ್ 16: ಮೊದಲ ತುತ್ತು

ಐದು ದಿನ ಏನೂ ತಿಂದಿರಲಿಲ್ಲ. ಬೊಂಡಾಸ (ಸ್ಕ್ವಿಡ್) ಕೊಟ್ಟೆವು, ಮುಖ ತಿರುಗಿಸಿತು. ತಾರ್ಲೆ, ಬಂಗಡೆ, ಅದೇ ಕಥೆ. ಮೀನು ವಿಂಗಡಿಸುವ ಒಬ್ಬ ಅಕ್ಕ ನೋಡುತ್ತಿದ್ದವರು, ಬಲೆಗೆ ಸಿಕ್ಕು ಬಿಸಾಡುವ ಸಣ್ಣ ಏಡಿಗಳನ್ನು ಬುಟ್ಟಿಯಲ್ಲಿ ತಂದುಕೊಟ್ಟರು. "ಬಲೆಯಲ್ಲಿ ಸಿಕ್ಕಾಗ ಇದರ ಬಾಯಲ್ಲಿ ಏಡಿ ಚೂರು ಇರ್ತದೆ" ಎಂದರು. ಒಂದನ್ನು ಒಡೆದು, ಉದ್ದದ ಇಕ್ಕಳದಲ್ಲಿ ಮೂಗಿನ ಮುಂದೆ ಆಡಿಸಿದೆ. ಕಟ್ ಎಂದು ಸದ್ದು. ನುಂಗಿತು! ಆ ದಿನ ನೋಟ್‌ಬುಕ್ಕಿನಲ್ಲಿ ಆರೂ ಜನ ಸಹಿ ಹಾಕಿದ್ದೇವೆ.

ಆಮೇಲೆ ತೂಕದ ನೂರಕ್ಕೆ ಎರಡರ ಲೆಕ್ಕ, ದಿನಕ್ಕೆ ಸುಮಾರು 600 ಗ್ರಾಂ, ಎರಡು ಹೊತ್ತು. ಐಸಿನಲ್ಲಿ ಇಟ್ಟ ಮೀನು ಒಂದನ್ನೇ ತಿನ್ನಿಸುತ್ತ ಹೋದರೆ ಬಿ1 ಜೀವಸತ್ವ ಕಡಿಮೆ ಆಗುತ್ತದೆ. ಡಾಕ್ಟರು ಕೊಟ್ಟ ಮಾತ್ರೆಯನ್ನು ಬಂಗಡೆಯ ಕಿವಿರಿನೊಳಗೆ ಸಿಕ್ಕಿಸಿ ಕೊಡುತ್ತಿದ್ದೆವು.

ದಿನ 10 ರಿಂದ 14: ಉಪ್ಪು

ಸಿಹಿ ನೀರಿನ ಸ್ನಾನ ಮುಗಿದ ಮೇಲೆ ತೊಟ್ಟಿಗೆ ಮತ್ತೆ ಕಡಲ ನೀರು ಹಾಕಿದ್ದೆವು. ಐಟಿಐ ಗೆಳೆಯ 1,100 ರೂಪಾಯಿಯ ರಿಫ್ರಾಕ್ಟೋಮೀಟರ್ ತರಿಸಿದ. ಒಂದು ಹನಿ ಹಾಕಿ ಬೆಳಕಿಗೆ ಹಿಡಿದು ನೋಡಿದರೆ ಉಪ್ಪು ಎಷ್ಟು ಎಂದು ಕಾಣುತ್ತದೆ. ನಮ್ಮ ತೊಟ್ಟಿ 19 ತೋರಿಸಿತು. ಅಂದರೆ ಲೀಟರಿಗೆ ಸುಮಾರು 19 ಗ್ರಾಂ. ತೆರೆದ ಕಡಲಿನಲ್ಲಿ 35ರ ಹತ್ತಿರ ಇರಬೇಕು.

ಕಾರಣ ಎದುರಿಗೇ ಇತ್ತು. ನಾವು ಪಿಕಪ್ಪು ನಿಲ್ಲಿಸಲು ಅನುಕೂಲ ಎಂದು ಶರಾವತಿ ಅಳಿವೆಯ ಹತ್ತಿರ ನೀರು ತುಂಬಿದ್ದೆವು. ಆಗಸ್ಟಿನಲ್ಲಿ ಘಟ್ಟದ ಮೇಲಿನ ಮಳೆಯೆಲ್ಲ ಅಲ್ಲಿ ಇಳಿಯುತ್ತದೆ. ಬಾಯಿಗೆ ಹಾಕಿದರೆ ಉಪ್ಪುಪ್ಪೇ, ಆದರೆ ಕಡಲಿನ ಅರ್ಧದಷ್ಟೇ.

ಹೊಸ ನೀರು ತರುವವರೆಗೆ ಉಪ್ಪು ಹಾಕೋಣ ಎಂದಾಯಿತು. ಲೆಕ್ಕ ಸುಲಭ. 31ಕ್ಕೆ ಏರಿಸಲು ಲೀಟರಿಗೆ 12 ಗ್ರಾಂ, ತೊಟ್ಟಿ 55 ಸೆಂ.ಮೀ. ತುಂಬಿದರೆ 3,900 ಲೀಟರಿಗೆ 47 ಕೆಜಿ. ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಕಲ್ಲುಪ್ಪು ನಮ್ಮ ಕಡೆ ಎಲ್ಲರ ಮನೆಯಲ್ಲೂ ಇರುತ್ತದೆ. 50 ಕೆಜಿಯ ಚೀಲ 450 ರೂಪಾಯಿ. ಪ್ಯಾಕೆಟ್ಟಿನ ಪುಡಿ ಉಪ್ಪು ಬೇಡ ಎಂದರು ಡಾಕ್ಟರು, ಗಂಟು ಕಟ್ಟದಿರಲು ಅದಕ್ಕೆ ಬೇರೆ ಪುಡಿ ಸೇರಿಸಿರುತ್ತಾರೆ. ಉಪ್ಪನ್ನು ನೇರ ತೊಟ್ಟಿಗೆ ಸುರಿಯಬೇಡಿ. ತಳದಲ್ಲಿ ಕೂತ ಹರಳು ಗಾಯಕ್ಕೆ ತಾಗುತ್ತದೆ. ನಾವು ಬಕೆಟ್ಟಿನಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಮೂರು ದಿನದಲ್ಲಿ ಸ್ವಲ್ಪ ಸ್ವಲ್ಪವಾಗಿ ಸೇರಿಸಿದೆವು. ಎಷ್ಟು ಮಣ್ಣು ಬಂತು ಎಂದರೆ ಬಟ್ಟೆ ಕಪ್ಪಾಯಿತು.

ನೀರು ತರುವ ಖರ್ಚು ತಪ್ಪಿಸಲು 90 ಮೀಟರ್ ಎಚ್‌ಡಿಪಿಇ ಪೈಪು ತಂದು ಕಡಲಿಗೆ ಎಳೆದೆವು, 2,700. ಮೋಟಾರನ್ನು ಶೆಡ್ಡಿನಲ್ಲೇ ಇಟ್ಟು 90 ಮೀಟರ್ ದೂರದಿಂದ ನೀರು ಎಳೆಯಲು ಬಿಟ್ಟೆ. ನೀರು ಬರಲಿಲ್ಲ. ಐದು ನಿಮಿಷ ನೋಡೋಣ, ಹತ್ತು ನಿಮಿಷ ನೋಡೋಣ ಎಂದು ಬಿಟ್ಟು ಕಾಯಿಲ್ ಸುಟ್ಟೆ. ರಿವೈಂಡಿಂಗಿಗೆ 950. ಈ ಮೋಟಾರುಗಳು ತಳ್ಳುವುದರಲ್ಲಿ ಗಟ್ಟಿ, ಎಳೆಯುವುದರಲ್ಲಿ ಅಲ್ಲ. ಆಮೇಲೆ ಉಬ್ಬರದ ಹೊತ್ತಿಗೆ ಮೋಟಾರನ್ನೇ ಕೈಗಾಡಿಯಲ್ಲಿ ದಂಡೆಗೆ ಒಯ್ದು, ಅಲ್ಲಿಂದ ಮೇಲಕ್ಕೆ ತಳ್ಳಿದೆವು. ಉಪ್ಪು ನೀರು, ಒದ್ದೆ ಮರಳು, ಕರೆಂಟು ಮೂರೂ ಒಂದೇ ಜಾಗದಲ್ಲಿ ಇರುವ ಕೆಲಸ ಇದು. ಕರೆಂಟು ಸೋರಿದ ಕೂಡಲೇ ಲೈನು ಕಡಿಯುವ ಇಎಲ್‌ಸಿಬಿ ಹಾಕದೆ ಮುಟ್ಟಬೇಡಿ. ಪೈಪಿನ ಬಾಯಿಗೆ ಸೊಳ್ಳೆಪರದೆ ಕಟ್ಟಿ, ತಳದ ಮರಳು ಎಳೆಯದ ಹಾಗೆ ಖಾಲಿ ಕ್ಯಾನಿಗೆ ಕಟ್ಟಿ ತೇಲಿಸಬೇಕು. ಹೀಗೆ ತಂದ ನೀರು 29, 30 ತೋರಿಸಿತು. ಎರಡು ದಿನಕ್ಕೊಮ್ಮೆ ಮೂರನೇ ಒಂದು ಭಾಗ ಬದಲಿಸಿದೆವು.

ದಿನ 17, ಆಗಸ್ಟ್ 27

ಎಡಕ್ಕೆ ವಾಲಿ ತೇಲುವುದು ನಿಂತಿರಲಿಲ್ಲ. 35 ಸೆಂ.ಮೀ. ನೀರಿನಲ್ಲೂ ತಳ ಮುಟ್ಟಲು ಆಗುತ್ತಿರಲಿಲ್ಲ. ಬೆನ್ನಿನ ಹಿಂಭಾಗ ಸದಾ ನೀರಿನ ಮೇಲೆ, ಒಣಗಿ ಬಿಳಿಚಿಕೊಳ್ಳುತ್ತಿತ್ತು. ಅಲ್ಲಿಗೆ ದಿನಕ್ಕೆ ಎರಡು ಸಲ ತೆಳುವಾಗಿ ವ್ಯಾಸಲೀನ್ ಸವರಿದೆವು. ಎಕ್ಸ್‌ರೇ ಮಾಡಿಸಲು ಎರಡು ಕಡೆ ಕೇಳಿದೆವು, ಎರಡೂ ಕಡೆ ಆಗುವುದಿಲ್ಲ ಎಂದರು. ಕಡಲಾಮೆಗಳಿಗೆಂದೇ ಇರುವ ಒಂದು ಚಿಕಿತ್ಸಾ ಕೇಂದ್ರ ಮಹಾರಾಷ್ಟ್ರದ ಡಹಾಣುವಿನಲ್ಲಿದೆ. ಅಷ್ಟು ದೂರದ ಗಾಡಿ ಪ್ರಯಾಣ ಅದಕ್ಕೆ ತಡೆಯುತ್ತಿರಲಿಲ್ಲ.

ಚಿಪ್ಪಿಗೆ ಭಾರ ಅಂಟಿಸಿ ಸಮ ಮಾಡೋಣವೇ ಎಂದು ನಾವು ಕೇಳಿದೆವು, ಬೇರೆ ದೇಶದಲ್ಲಿ ಹಾಗೆ ಮಾಡುವ ಚಿತ್ರ ನೋಡಿದ್ದೆವು. ಡಾಕ್ಟರು ಬೇಡ ಎಂದರು. ಶ್ವಾಸಕೋಶ ಹರಿದಿದೆಯೋ, ಕರುಳಿನಲ್ಲಿ ಗಾಳಿ ತುಂಬಿದೆಯೋ ಗೊತ್ತಾಗುವವರೆಗೆ ಕಾಯೋಣ, ತಿನ್ನುತ್ತಿದೆಯಲ್ಲ ಎಂದರು.

ಆ ಬೆಳಿಗ್ಗೆ ಡ್ರಮ್ಮಿನ ಬಲೆ ಜಾಡಿಸುವಾಗ ಹಿಕ್ಕೆಯ ಜೊತೆ ನೀಲಿ ಪ್ಲಾಸ್ಟಿಕ್ ಸಿಕ್ಕಿತು. ತೆಳು ಕೈಚೀಲದ ಚೂರು, ಬಿಡಿಸಿದಾಗ 11 ಸೆಂ.ಮೀ. ಮರುದಿನ ಇನ್ನೊಂದು ಚೂರು, ಜೊತೆಗೆ ಗಂಟಾದ ದಾರ. ಎರಡನ್ನೂ ತೊಳೆದು, ದಿನಾಂಕ ಬರೆದು ಡಬ್ಬಿಯಲ್ಲಿ ಇಟ್ಟಿದ್ದೇವೆ. ದಿನ 20ರ ಹೊತ್ತಿಗೆ ವಾಲುವುದು ಕಡಿಮೆ ಆಯಿತು. ದಿನ 22ರಂದು ತಳಕ್ಕೆ ಹೋಗಿ ನಾಲ್ಕು ನಿಮಿಷ ಕೂತಿತು. ನೀರನ್ನು 55ಕ್ಕೆ ಏರಿಸಿದೆವು. ಎರಡನೇ ದಿನ ಅದನ್ನು ಮುಳುಗಿಸುತ್ತಿದ್ದ ಅದೇ 55 ಸೆಂ.ಮೀ.

ದಿನ 24, ಸೆಪ್ಟೆಂಬರ್ 3: ಎರಡನೇ ಆಮೆ

ಇದನ್ನು ಬರೆಯುವುದು ಕಷ್ಟ. ಆದರೂ ಬರೆಯಬೇಕು.

ಮಧ್ಯಾಹ್ನ ಎಂಟು ಕಿಲೋಮೀಟರ್ ದೂರದ ದಂಡೆಯಿಂದ ಫೋನ್. ಇನ್ನೊಂದು ರಿಡ್ಲೆ, ಬಲೆಯಲ್ಲಿ ಸಿಕ್ಕಿತ್ತು, ಅಲ್ಲಾಡುತ್ತಿಲ್ಲ. ನನಗೆ ಇಂಟರ್ನಲ್ ಪರೀಕ್ಷೆ ಇತ್ತು. ಗುಂಪಿಗೆ ಹೊಸದಾಗಿ ಸೇರಿದ ಮೂವರು ಜೂನಿಯರುಗಳನ್ನು ಕಳಿಸಿದೆ. "ಗಾರ್ಡಿಗೆ ಹೇಳಿದ್ದೇನೆ, ಹೋಗಿ ತಗೊಂಡು ಬನ್ನಿ" ಎಂದೆ. ಅಷ್ಟೇ ಹೇಳಿದ್ದು.

ಅವರು ದೊಡ್ಡ ಪ್ಲಾಸ್ಟಿಕ್ ಟಬ್ಬಿಗೆ ಅರ್ಧ ಕಡಲ ನೀರು ತುಂಬಿ, ಅದರಲ್ಲಿ ಆಮೆ ಇಟ್ಟು, ಟೆಂಪೊದಲ್ಲಿ ತಂದರು. ನಲವತ್ತು ನಿಮಿಷದ ದಾರಿ. ದಾರಿಯುದ್ದಕ್ಕೂ ಚಿಪ್ಪಿನ ಮೇಲೆ ನೀರು ಹಾಕುತ್ತಲೇ ಬಂದಿದ್ದರು. ಪ್ರಜ್ಞೆ ಇಲ್ಲದ ಆಮೆಯ ತಲೆ ಆ ನೀರಿನೊಳಗೇ ಇತ್ತು.

ಡಾಕ್ಟರು ಹಿಂಭಾಗವನ್ನು ಒಂದು ಗೇಣು ಎತ್ತರಿಸಿ ಇಟ್ಟರು. ಬಾಯಿಂದ ನೀರು ಬಂತು. ಕಣ್ಣಿನ ಮೂಲೆ ಮುಟ್ಟಿದರೆ ರೆಪ್ಪೆ ಒಂದು ಸಲ ಅದುರಿತು. ರಾತ್ರಿ ಎರಡೂವರೆಯವರೆಗೆ ಕೂತಿದ್ದೆವು. ಆಮೇಲೆ ಅದುರಲಿಲ್ಲ.

ಮರಣೋತ್ತರ ಪರೀಕ್ಷೆಯಲ್ಲಿ ಶ್ವಾಸಕೋಶದಲ್ಲಿ ನೀರು ಇತ್ತು. ಬಲೆಯಲ್ಲಿದ್ದಾಗ ಹೋದದ್ದೋ, ಟಬ್ಬಿನಲ್ಲಿ ಹೋದದ್ದೋ ಹೇಳಲು ಆಗುವುದಿಲ್ಲ ಎಂದರು ಡಾಕ್ಟರು. ಜೂನಿಯರುಗಳ ತಪ್ಪು ಇದರಲ್ಲಿ ಏನೂ ಇಲ್ಲ. ಎರಡನೇ ದಿನ ನಾವು ಕಲಿತದ್ದು ನಮ್ಮ ಆರು ಜನರ ತಲೆಯಲ್ಲಿ ಮಾತ್ರ ಉಳಿದಿತ್ತು. ನಾನು ಒಂದೇ ಒಂದು ಮಾತು ಸೇರಿಸಿ ಹೇಳಿದ್ದರೆ ಆ ಟಬ್ಬು ಒಣಗಿರುತ್ತಿತ್ತು.

ಮರುದಿನ ಶೆಡ್ಡಿನ ಬಾಗಿಲಿಗೆ ಪ್ಲೈವುಡ್ ಹಲಗೆ ಹೊಡೆದು ಬಣ್ಣದಲ್ಲಿ ಬರೆದೆವು. ಕನ್ನಡದಲ್ಲಿ ಒಂದು, ಕೊಂಕಣಿಯಲ್ಲಿ ಒಂದು:

ಮೊದಲು ಇಲಾಖೆಗೆ ಫೋನ್. ನೀರಿಗೆ ತಳ್ಳಬೇಡಿ. ನೀರಿನಲ್ಲಿ ಇಟ್ಟು ತರಬೇಡಿ. ಹೊಟ್ಟೆ ಕೆಳಗೆ, ಬೆನ್ನು ಮೇಲೆ. ನೆರಳು. ಒದ್ದೆ ಬಟ್ಟೆ, ಮೂಗು ಬಿಟ್ಟು. ಅಲ್ಲಾಡದಿದ್ದರೆ ಹಿಂಭಾಗ ಒಂದು ಗೇಣು ಎತ್ತರ. ಸತ್ತಿದೆ ಎಂದು ನೀವೇ ತೀರ್ಮಾನಿಸಬೇಡಿ.

ಇದೇ ಹಲಗೆಯ ಫೋಟೊವನ್ನು ಏಳು ಊರುಗಳ ಮೀನುಗಾರರ ವಾಟ್ಸಾಪ್ ಗುಂಪಿಗೆ ಹಾಕಿದ್ದೇವೆ.

ದಿನ 31, ಸೆಪ್ಟೆಂಬರ್ 10

ಗಾಯದ ಅಂಚು ಒಳಗೆ ಸೇರುತ್ತಿದೆ. ತಳ ಗುಲಾಬಿ, ವಾಸನೆ ಇಲ್ಲ. ಉದ್ದ 9ರಿಂದ 5 ಸೆಂ.ಮೀ.ಗೆ ಬಂತು. ಇಂಜೆಕ್ಷನ್ ನಿಂತಿದೆ.

ಹಿಂದಿನ ದಿನ ತೊಟ್ಟಿ ಖಾಲಿ ಮಾಡಿ ಬ್ಲೀಚಿಂಗ್ ಪೌಡರಿನಿಂದ ಉಜ್ಜಿದ್ದೆವು. ಒಂದೇ ಸಲ ತೊಳೆದು ಹೊಸ ನೀರು ಬಿಟ್ಟಿದ್ದೆವು. ಇಂದು ಬೆಳಿಗ್ಗೆ ಆಮೆ ಎರಡೂ ಕಣ್ಣು ಮುಚ್ಚಿ ಒಂದು ಬದಿಯಲ್ಲಿ ಇತ್ತು, ಏಡಿಯನ್ನೂ ಮುಟ್ಟಲಿಲ್ಲ. ಕೂಡಲೇ ಟ್ಯೂಬಿನ ಮೇಲೆ ತೆಗೆದು ಕಣ್ಣನ್ನು ಸಲೈನಿನಲ್ಲಿ ತೊಳೆದೆವು. ತೊಟ್ಟಿಯನ್ನು ಮೂರು ಸಲ ತೊಳೆದು, ಫ್ಯಾನ್ ಹಾಕಿ ಒಣಗಿಸಿ, ಮೂಗಿಟ್ಟು ವಾಸನೆ ನೋಡಿ ನೀರು ಬಿಟ್ಟೆವು. ಎರಡು ದಿನ ಊಟ ತಪ್ಪಿತು. ಆಮೇಲೆ ಬ್ಲೀಚಿಂಗ್ ಮುಟ್ಟಲಿಲ್ಲ, ಬ್ರಷ್ಷು ಮತ್ತು ತೋಳಿನ ಬಲ ಸಾಕಾಯಿತು. ಕೈಗೆ ಮಾತ್ರ ಗ್ಲೌಸು, ಕೆಲಸ ಮುಗಿದ ಮೇಲೆ ಸೋಪು, ತಪ್ಪದೆ. ಆಮೆಗಳ ಮೈಮೇಲೆ ಸಾಲ್ಮೊನೆಲ್ಲಾ ಇರುವುದುಂಟು.

ದಿನ 40 ರಿಂದ 51

ನೀರು 1 ಮೀಟರ್, ಸುಮಾರು 7,000 ಲೀಟರ್. ಜಾಲರಿ ಹೊರಗೆ ಉಬ್ಬಿತು, ಎರಡು ಸುತ್ತು ನೈಲಾನ್ ಹಗ್ಗ ಬಿಗಿದೆವು.

ಇನ್ನು ನಾವು ತಿನ್ನಿಸುವುದು ನಿಲ್ಲಬೇಕು, ಅದೇ ಹಿಡಿದು ತಿನ್ನಬೇಕು ಎಂದರು ಡಾಕ್ಟರು. ಮಾತಾಡುವುದು, ಚಿಪ್ಪು ಸವರುವುದು ಬಂದ್. ಇದು ನಮಗೆ ಕಷ್ಟವೇ ಆಯಿತು. ಕತ್ತಲಾದ ಮೇಲೆ ಜೀವಂತ ಏಡಿಗಳನ್ನು ಬಿಟ್ಟು ದೂರ ಹೋಗುತ್ತಿದ್ದೆವು. ಮೊದಲ ರಾತ್ರಿ ಹತ್ತರಲ್ಲಿ ಮೂರು ಹಿಡಿಯಿತು. ನಾಲ್ಕನೇ ರಾತ್ರಿ ಹತ್ತಕ್ಕೆ ಹತ್ತು.

ಎಡ ಮುಂಗಾಲು ಬಲದಷ್ಟು ಹಿಂದಕ್ಕೆ ಹೋಗುವುದಿಲ್ಲ. ವಿಡಿಯೊ ನಿಲ್ಲಿಸಿ ನಿಲ್ಲಿಸಿ ನೋಡಿದರೆ ವ್ಯತ್ಯಾಸ ಕಾಣುತ್ತದೆ. ಆದರೂ ನೇರ ಈಜುತ್ತದೆ, ಎರಡೂ ಕಡೆ ತಿರುಗುತ್ತದೆ, ಬೇಕೆಂದಾಗ ಮುಳುಗುತ್ತದೆ. ದಿನ 48ರಂದು ತೂಕ 34.2 ಕೆಜಿ. ಮುಖದ ಎರಡೂ ಬದಿಯ ಹುರುಪೆಗಳ ಫೋಟೊ ತೆಗೆದು ಇಲಾಖೆಗೆ ಕೊಟ್ಟೆವು. ಒಂದೊಂದು ಆಮೆಯ ಮುಖದ ಗೆರೆ ಒಂದೊಂದು ತರಹ, ಮುಂದೆ ಎಲ್ಲಾದರೂ ಸಿಕ್ಕರೆ ಗುರುತು ಹಿಡಿಯಬಹುದು. ಬೆನ್ನಿನ ಪಕ್ಕದ ಫಲಕಗಳು ಎಡಕ್ಕೆ 7, ಬಲಕ್ಕೆ 6.

ದಿನ 52, ಅಕ್ಟೋಬರ್ 1

ಬೆಳಿಗ್ಗೆ ಐದೂವರೆ. ಮೊದಲ ದಿನ ಫೋನ್ ಮಾಡಿದ ಅಣ್ಣನದೇ ದೋಣಿ. ಗಾರ್ಡ್, ಡಾಕ್ಟರು, ನಮ್ಮಲ್ಲಿ ಇಬ್ಬರು. ಜಾಗ ಇದ್ದದ್ದು ಅಷ್ಟೇ. ನಾನು ಹೋಗಲಿಲ್ಲ. ಸೆಪ್ಟೆಂಬರ್ 3ರಂದು ಟೆಂಪೊದಲ್ಲಿ ಬಂದಿದ್ದ ಜೂನಿಯರುಗಳಲ್ಲಿ ಇಬ್ಬರನ್ನು ಕಳಿಸಿದೆ. ಒಣ ಫೋಮಿನ ಮೇಲೆ, ಒದ್ದೆ ಬಟ್ಟೆ ಹೊದಿಸಿ, ಮೂಗು ಬಿಟ್ಟು. ಹೇಳಬೇಕಾಗಿ ಬರಲಿಲ್ಲ, ಅವರೇ ಮಾಡಿದರು. ದಡದಿಂದ ಸುಮಾರು 3 ಕಿಲೋಮೀಟರ್ ಆಚೆ, ಬಲೆ ಹಾಕದ ಕಡೆ ಬಿಟ್ಟರು. ನೀರು ಮುಟ್ಟಿದ ಕೂಡಲೇ ಕೆಳಗೆ ಹೋಯಿತಂತೆ. ಹತ್ತು ನಿಮಿಷ ಕಾದರೂ ಮೇಲೆ ಕಾಣಲಿಲ್ಲ.

ಖರ್ಚು

ತೊಟ್ಟಿ, ತೇಪೆ 3,680. ಮೋಟಾರು 2,400. ಡ್ರಮ್ಮು 1,400. ಪೈಪು, ವಾಲ್ವು 1,650. ರಿಫ್ರಾಕ್ಟೋಮೀಟರ್ 1,100. ಟ್ಯೂಬು, ಫೋಮ್ 350. ಉಪ್ಪು ಎರಡು ಚೀಲ 900. ಪಿಕಪ್ಪು 1,800. ಎಚ್‌ಡಿಪಿಇ ಪೈಪು 2,700. ಮೀನು 3,900, ಏಡಿಗೆ ಯಾರೂ ದುಡ್ಡು ತೆಗೆದುಕೊಳ್ಳಲಿಲ್ಲ. ಇಷ್ಟು 19,880. ತಪ್ಪುಗಳ ಬೆಲೆ ಬೇರೆ: ಗಾಳಿ ಪಂಪು, ಹಿತ್ತಾಳೆ ವಾಲ್ವು, ರಿವೈಂಡಿಂಗ್ ಸೇರಿ 2,420. ಒಟ್ಟು 22,300. ಆರು ಜನ ತಲಾ ಸಾವಿರ ಹಾಕಿದೆವು, ನಮ್ಮ ಮೇಷ್ಟ್ರುಗಳು 5,000 ಕೊಟ್ಟರು, ಉಳಿದದ್ದು ಊರಿನವರದು. ಔಷಧದ ಖರ್ಚು ನಮ್ಮ ಮೇಲೆ ಬರಲಿಲ್ಲ.

ಈಗ ತೊಟ್ಟಿಯನ್ನು ಒಣಗಿಸಿ ಮಡಚಿ ಇಟ್ಟಿದ್ದೇವೆ. ಡ್ರಮ್ಮಿನ ಜಲ್ಲಿ ತೊಳೆದು ಬಿಸಿಲಿಗೆ ಹಾಕಿದ್ದಾಗಿದೆ. ತಳದ ಪೈಪಿಗೆ ಎರಡು ಇಂಚಿನ ವಾಲ್ವು ಹಾಕಿದ್ದೇವೆ, ಈಗ 55 ಸೆಂ.ಮೀ. ನೀರು ಸುಮಾರು ಅರ್ಧ ಗಂಟೆಯಲ್ಲಿ ಖಾಲಿಯಾಗುತ್ತದೆ. ಎರಡನೇ ತೇಪೆಯ ಒಂದು ಮೂಲೆ ಎದ್ದಿದೆ, ಭಾನುವಾರ ಅಂಟಿಸಬೇಕು.